ಕರೆಂಟ್ ಹೋದ್ರೂ ನೆಟ್ ನಿಲ್ಬಾರ್ದು: ಮಲೆನಾಡಿನ ಮನೆಗೆ, ಸಣ್ಣ ಆಫೀಸಿಗೆ ಬ್ಯಾಟರಿ ಬ್ಯಾಕಪ್ ಹಾಕ್ಕೊಳ್ಳೋದು ಹೇಗೆ

ಜೂನ್ ಬಂತು ಅಂದ್ರೆ ಮಲೆನಾಡು, ಕರಾವಳಿ ಕಡೆ ಕರೆಂಟಿನ ಕತೆ ಎಲ್ರಿಗೂ ಗೊತ್ತಿರೋದೇ. ಒಂದು ಜೋರು ಗಾಳಿಗೆ ಮರ ಲೈನ್ ಮೇಲೆ ಬಿತ್ತು ಅಂದ್ರೆ ಲೈನ್‌ಮನ್‌ಗಳು ಪಾಪ ಆ ಮಳೇಲೇ ಕಂಬ ಹತ್ತಿ ಸರಿ ಮಾಡೋ ತನಕ ಗಂಟೆಗಟ್ಟಲೆ, ಕೆಲವು ಸಲ ದಿನಗಟ್ಟಲೆ ಕತ್ತಲೆ. ಮೊದ್ಲು ಇದು ದೀಪ, ಮಿಕ್ಸಿ, ಪಂಪ್‌ಸೆಟ್ಟಿನ ತಾಪತ್ರಯ ಆಗಿತ್ತು, ಈಗ ಶಿರಸಿ, ಸಾಗರ, ತೀರ್ಥಹಳ್ಳಿ, ಸುಳ್ಯ ಕಡೆ ಎಷ್ಟೋ ಮನೆಗಳಲ್ಲಿ ಮಕ್ಕಳು ಊರಲ್ಲೇ ಕೂತು ಕಂಪನಿ ಕೆಲಸ ಮಾಡ್ತಿದಾರೆ, ಮೊಬೈಲ್ ಸಿಗ್ನಲ್ ಸಿಗದ ಜಾಗದಲ್ಲಿ ವೈಫೈ ಕಾಲಿಂಗೇ ಗತಿ, ವಯಸ್ಸಾದವರಿಬ್ಬರೇ ಇರೋ ಮನೇಲಿ ರಾತ್ರಿ ಡಾಕ್ಟರಿಗೋ ಜೀಪಿನವರಿಗೋ ಫೋನ್ ಮಾಡ್ಬೇಕಂದ್ರೆ ಆ ರೂಟರ್ ಆನ್ ಇರಲೇಬೇಕು.

ಹಳೇ ಲ್ಯಾಂಡ್‌ಲೈನ್ ಕಾಲದಲ್ಲಿ ಈ ತೊಂದ್ರೆ ಇರ್ಲಿಲ್ಲ ಅನ್ನೋದು ನೆನಪಿರಬಹುದು. ಊರಿಡೀ ಕತ್ತಲಾದ್ರೂ ಫೋನ್ ಎತ್ತಿದ್ರೆ ಡಯಲ್ ಟೋನ್ ಬರ್ತಿತ್ತು, ಯಾಕಂದ್ರೆ ಎಕ್ಸ್‌ಚೇಂಜಲ್ಲಿ ಬ್ಯಾಟರಿ ಬ್ಯಾಂಕ್ ಇರ್ತಿತ್ತು, ಅಲ್ಲಿಂದ 48 ವೋಲ್ಟ್ ಡಿಸಿ ಅದೇ ತಾಮ್ರದ ತಂತಿ ಮೇಲೆ ನಮ್ಮನೆ ಫೋನಿನ ತನಕ ಬರ್ತಿತ್ತು. ಈಗ ನೆಟ್ ಬರೋ ಫೈಬರ್ ಕೇಬಲ್ ಗಾಜು, ಅದರಲ್ಲಿ ಬೆಳಕು ಬರತ್ತೆ, ಕರೆಂಟ್ ಬರಲ್ಲ. ಹಾಗಾಗಿ ಎಕ್ಸ್‌ಚೇಂಜಿನವರು ಇಡ್ತಿದ್ದ ಬ್ಯಾಟರಿಯನ್ನ ಈಗ ನಮ್ಮನೇಲಿ ನಾವೇ ಇಡ್ಬೇಕು. ಖರ್ಚು ಅಂಥಾ ದೊಡ್ಡದಲ್ಲ, ಆದ್ರೆ ಲೆಕ್ಕ ಸರಿ ಹಾಕಿ ಇಡ್ಬೇಕು.

ಮೊದ್ಲು ದಾರಿ ನೋಡಿ

ಅಂಗಡಿಗೆ ಹೋಗೋಕೆ ಮುಂಚೆ ನೆಟ್ ಎಲ್ಲಿಂದ ಎಲ್ಲಿಗೆ ಹೆಂಗೆ ಬರ್ತಿದೆ ಅಂತ ಒಂದು ಹಾಳೆ ಮೇಲೆ ಗೀಚ್ಕೊಳ್ಳಿ. ಮನೆ ಒಳಗೆ ಫೈಬರ್ ಬಂದು ಸೇರೋ ಬಿಳೀ ಡಬ್ಬಿ ಒಎನ್‌ಟಿ, ಕೆಲವ್ರ ಮನೇಲಿ ವೈಫೈ ಅದರಲ್ಲೇ ಇರತ್ತೆ, ಇನ್ನು ಕೆಲವ್ರು ಅದರ ಮುಂದೆ ಬೇರೆ ರೂಟರ್ ಹಾಕಿರ್ತಾರೆ, ದೊಡ್ಡ ಮನೆ ಆದ್ರೆ ಮಧ್ಯದಲ್ಲಿ ಒಂದು ನೆಟ್‌ವರ್ಕ್ ಸ್ವಿಚ್ಚೋ ವೈಫೈನ ದೂರದ ತನಕ ಮುಟ್ಟಿಸೋ ಮೆಶ್ ಡಬ್ಬಿಯೋ ಇರತ್ತೆ. ಈ ಸಾಲಲ್ಲಿ ಒಂದಕ್ಕೆ ಬ್ಯಾಟರಿ ಇಲ್ದಿದ್ರೂ ಮಿಕ್ಕಿದ್ದಕ್ಕೆಲ್ಲಾ ಹಾಕಿದ್ದು ದಂಡ. ರೂಟರ್ ದೀಪ ಉರೀತಿದೆ ವೈಫೈ ಫುಲ್ ತೋರಿಸ್ತಿದೆ ಆದ್ರೆ ನೆಟ್ ಇಲ್ಲ ಅನ್ನೋರ ಮನೇಲಿ ತುಂಬ ಸಲ ಒಎನ್‌ಟಿ ಬೇರೆ ಸಾಕೆಟ್ಟಲ್ಲಿ ಸತ್ತು ಬಿದ್ದಿರತ್ತೆ.

ಆಮೇಲೆ ಮನೆ ಹೊರಗಿನ ದಾರಿ. ದೊಡ್ಡ ಕಂಪನಿಗಳ ಎಫ್‌ಟಿಟಿಎಚ್ (ಮನೆ ತನಕ ಫೈಬರ್) ಎಲ್ಲಾ ಬಹುತೇಕ ಪ್ಯಾಸಿವ್ ನೆಟ್‌ವರ್ಕ್, ಅಂದ್ರೆ ಪೇಟೆಯಲ್ಲಿರೋ ಒಎಲ್‌ಟಿ ಅನ್ನೋ ಮೆಷಿನ್ನಿಂದ ನಿಮ್ಮನೆ ತನಕ ಮಧ್ಯದಲ್ಲಿ ಬೆಳಕನ್ನ ಹಲವು ಮನೆಗೆ ಹಂಚೋ ಸ್ಪ್ಲಿಟರ್ ಬಿಟ್ರೆ ಬೇರೇನೂ ಇರಲ್ಲ, ಸ್ಪ್ಲಿಟರ್‌ಗೆ ಕರೆಂಟೇ ಬೇಡ, ಹಂಗೇ ಇಪ್ಪತ್ತು ಕಿಲೋಮೀಟರ್ ತನಕ ಬರತ್ತೆ. ಇದು ನಮಗೆ ದೊಡ್ಡ ಅನುಕೂಲ, ಆ ಕಡೆ ಒಎಲ್‌ಟಿ, ಈ ಕಡೆ ಒಎನ್‌ಟಿ, ಎರಡಕ್ಕೆ ಮಾತ್ರ ಕರೆಂಟ್ ಇದ್ರೆ ಸಾಕು. ಆದ್ರೆ ಸಣ್ಣ ಊರುಗಳಲ್ಲಿ ಕೇಬಲ್ಲಿನವರು ಯಾರದೋ ಮನೆ ಜಗಲಿ ಮೇಲೆ, ಕಂಬದ ಡಬ್ಬಿಯಲ್ಲಿ ಮೀಡಿಯಾ ಕನ್ವರ್ಟರ್ (ಫೈಬರ್ ಬೆಳಕನ್ನ ಲ್ಯಾನ್ ವೈರಿಗೆ ಬದಲಾಯಿಸೋ ಡಬ್ಬಿ), ಸ್ವಿಚ್ ಇಟ್ಟು ಅಲ್ಲಿಂದ ಲ್ಯಾನ್ ವೈರ್ ಎಳೆದಿರ್ತಾರೆ, ಅಲ್ಲಿ ಕರೆಂಟ್ ಹೋದ್ರೆ ನಿಮ್ಮನೇಲಿ ಎಷ್ಟು ದೊಡ್ಡ ಬ್ಯಾಟರಿ ಇಟ್ರೂ ಪ್ರಯೋಜನ ಇಲ್ಲ. ಹಾಗಾಗಿ ನಿಮ್ಮ ಕೇಬಲ್ಲಿನವರನ್ನ ನೇರವಾಗಿ ಕೇಳಿ: ನಿಮ್ಮ ಮೆಷಿನ್ ಎಲ್ಲಿದೆ, ಕರೆಂಟ್ ಹೋದ್ರೆ ಎಷ್ಟು ಹೊತ್ತು ನಡೆಯತ್ತೆ, ಮಧ್ಯದಲ್ಲಿ ಕರೆಂಟ್ ಬೇಕಾಗೋ ಡಬ್ಬಿ ಏನಾದ್ರೂ ಇದ್ಯಾ. ಅವರು ನಾಲ್ಕು ಗಂಟೆ ಅಂದ್ರೆ ನೀವು ಮನೇಲಿ ಎರಡು ದಿನದ ಬ್ಯಾಟರಿ ತಂದಿಟ್ಟು ಏನೂ ಸಿಗಲ್ಲ, ಆ ದುಡ್ಡಲ್ಲಿ ಸ್ವಲ್ಪ ಅವರ ಬ್ಯಾಟರಿಗೆ ಊರವರೆಲ್ಲ ಸೇರಿ ಹಾಕಿದ್ರೆ ಜಾಸ್ತಿ ಲಾಭ. ಇದನ್ನ ನಾನು ಸುಮ್ನೆ ಹೇಳ್ತಿಲ್ಲ, ಹತ್ತು-ಹದಿನೈದು ಮನೆಯ ಕೇರಿ ಒಂದಾದ್ರೆ ಇದು ಖಂಡಿತ ಆಗೋ ಕೆಲಸ.

ಆ ಕಡೆ ಸತ್ತಿದ್ಯಾ ಈ ಕಡೆ ಸತ್ತಿದ್ಯಾ ಅಂತ ಗೊತ್ತಾಗೋಕೆ ಒಎನ್‌ಟಿ ದೀಪ ನೋಡಿ. ಪವರ್ ದೀಪ ಹಸಿರು, ಎಲ್‌ಒಎಸ್ ಅನ್ನೋದು ಕೆಂಪು ಉರೀತಿದ್ರೆ ಬೆಳಕೇ ಬರ್ತಿಲ್ಲ ಅಂತ ಅರ್ಥ, ಒಂದಾ ಫೈಬರ್ ತುಂಡಾಗಿದೆ ಇಲ್ಲಾ ಆ ಕಡೆ ಮೆಷಿನ್ ಆಫ್. ಪಿಒಎನ್ ದೀಪ ಮಿಣುಕ್ತಾ ಇದ್ರೆ ಬೆಳಕು ಬರ್ತಿದೆ, ರಿಜಿಸ್ಟರ್ ಆಗ್ತಿದೆ, ಸ್ವಲ್ಪ ಕಾಯಿರಿ.

ವ್ಯಾಟ್ ಅಳೀರಿ, ಲೇಬಲ್ ನೋಡಿ ಮೋಸ ಹೋಗ್ಬೇಡಿ

ಅಡಾಪ್ಟರ್ ಮೇಲೆ 12 ವೋಲ್ಟ್ 1.5 ಆಂಪ್ ಅಂತ ಬರೆದಿರತ್ತೆ, ಗುಣಿಸಿದ್ರೆ 18 ವ್ಯಾಟ್. ಆದ್ರೆ ಅದು ಅಡಾಪ್ಟರ್ ಕೊಡಬಲ್ಲ ಹೆಚ್ಚೆಂದ್ರೆ ಎಷ್ಟು ಅನ್ನೋ ಲೆಕ್ಕ, ಒಎನ್‌ಟಿ ನಿಜವಾಗಿ ತಿನ್ನೋದು ಸಾಮಾನ್ಯವಾಗಿ ಐದರಿಂದ ಎಂಟು ವ್ಯಾಟ್, ಡ್ಯುಯಲ್ ಬ್ಯಾಂಡ್ ರೂಟರ್ ಆದ್ರೆ ಆರರಿಂದ ಹನ್ನೆರಡು. ಸಾಕೆಟ್ಟಿಗೆ ಹಾಕೋ ವ್ಯಾಟ್ ಮೀಟರ್ ಆನ್‌ಲೈನಲ್ಲಿ ಸಿಗತ್ತೆ, ಇಲ್ಲ ಅಂದ್ರೆ ಕರೆಂಟ್ ಕೆಲಸ ಮಾಡೋ ಹುಡುಗರ ಹತ್ರ ಮಲ್ಟಿಮೀಟರ್ ಇರತ್ತಲ್ಲ, ಡಿಸಿ ಲೈನಲ್ಲಿ ಸೀರಿಸ್ ಹಾಕಿ ಆಂಪ್ ಅಳೆಸಿ. ಎಲ್ಲಾ ಡಬ್ಬಿಗಳದ್ದು ಕೂಡಿಸಿ. ಇಲ್ಲಿಂದ ಮುಂದೆ ನಾನು 14 ವ್ಯಾಟ್ ಅಂತ ಇಟ್ಕೊಂಡು ಹೇಳ್ತೀನಿ, ಒಂದು ಒಎನ್‌ಟಿ ಒಂದು ರೂಟರ್ ಇರೋ ಮನೆಗೆ ಇದು ಹತ್ತಿರತ್ತಿರ ಸರಿ ಹೋಗತ್ತೆ.

ಇದೇ ಹೊತ್ತಲ್ಲಿ ಯಾವುದು ಬೇಕು ಯಾವುದು ಬೇಡ ಅಂತಾನೂ ತೀರ್ಮಾನ ಮಾಡ್ಕೊಳ್ಳಿ. ಸಿಸಿಟಿವಿ ರೆಕಾರ್ಡ್ ಮಾಡೋ ಡಿವಿಆರ್ ಅಂದ್ರೆ ಒಳಗೆ ಹಾರ್ಡ್ ಡಿಸ್ಕ್ ತಿರುಗ್ತಿರತ್ತೆ, ಅದು ಶುರುವಾಗೋವಾಗ 12 ವೋಲ್ಟಲ್ಲಿ ಎರಡು ಆಂಪ್ ತನಕ ಎಳೆಯತ್ತೆ, ಕ್ಯಾಮೆರಾಗಳು ತಲಾ ಮೂರರಿಂದ ಆರು ವ್ಯಾಟ್. ಇದನ್ನ ರೂಟರ್ ಬ್ಯಾಟರಿಗೆ ಸೇರಿಸಿದ್ರೆ ಹನ್ನೆರಡು ಗಂಟೆ ಬರಬೇಕಾದ್ದು ಮೂರು ಗಂಟೆಗೆ ಮುಗಿಯತ್ತೆ. ಕ್ಯಾಮೆರಾ ಬೇಕೇ ಬೇಕು ಅನ್ನೋರು ಅದಕ್ಕೆ ಬೇರೆ ಬ್ಯಾಟರಿ ಇಡಿ. ಮಹಡಿ ಮೇಲಿನ ಮೆಶ್ ಡಬ್ಬಿ, ಟಿವಿ ಸೆಟ್‌ಟಾಪ್ ಬಾಕ್ಸ್ ಎಲ್ಲಾ ಕತ್ತಲಲ್ಲಿ ಬೇಕಾಗಲ್ಲ.

ಮನೇಲಿ ಇನ್ವರ್ಟರ್ ಈಗಾಗ್ಲೇ ಇದ್ರೆ

ತುಂಬ ಮನೆಗಳಲ್ಲಿ 150 ಎಎಚ್ (ಆಂಪ್-ಅವರ್, ಬ್ಯಾಟರಿ ಎಷ್ಟು ಹಿಡಿಯತ್ತೆ ಅನ್ನೋ ಲೆಕ್ಕ) ಟ್ಯೂಬುಲರ್ ಬ್ಯಾಟರಿ ಇರೋ ಇನ್ವರ್ಟರ್ ಇದ್ದೇ ಇದೆ, ಹಾಗಿದ್ರೆ ರೂಟರ್ ಸಾಕೆಟ್ಟನ್ನ ಇನ್ವರ್ಟರ್ ಲೈನಿಗೆ ಹಾಕಿಸೋದು ಸುಲಭದ ದಾರಿ. ಆದ್ರೆ ಇಲ್ಲಿ ಎರಡು ಸೂಕ್ಷ್ಮ ಇದೆ, ಇದನ್ನ ಇನ್ವರ್ಟರ್ ಹಾಕೋಕೆ ಬಂದವರು ಎಷ್ಟೋ ಸಲ ಹೇಳೋದೇ ಇಲ್ಲ.

ಇನ್ವರ್ಟರ್‌ನಲ್ಲಿ ಸಾಮಾನ್ಯವಾಗಿ ಹಿಂದುಗಡೆ ಒಂದು ಸ್ವಿಚ್ ಇರತ್ತೆ, ಒಂದು ಕಡೆ ಯುಪಿಎಸ್, ಇನ್ನೊಂದು ಕಡೆ ನಾರ್ಮಲ್ ಅಥವಾ ಇಕೋ. ಯುಪಿಎಸ್ ಮೋಡಲ್ಲಿ ಕರೆಂಟ್ ಹೋದ ತಕ್ಷಣ ಹತ್ತಿಪ್ಪತ್ತು ಮಿಲಿಸೆಕೆಂಡಲ್ಲಿ ಬ್ಯಾಟರಿಗೆ ಬದಲಾಗತ್ತೆ, ರೂಟರ್‌ಗೆ ಗೊತ್ತೇ ಆಗಲ್ಲ. ನಾರ್ಮಲ್ ಮೋಡಲ್ಲಿ ಇನ್ನೂ ನಿಧಾನ, ಕೆಲವು ರೂಟರ್ ಆ ಗ್ಯಾಪಲ್ಲಿ ರೀಸ್ಟಾರ್ಟ್ ಆಗ್ಬಿಡತ್ತೆ, ಒಎನ್‌ಟಿ ಮತ್ತೆ ರಿಜಿಸ್ಟರ್ ಆಗಿ ನೆಟ್ ಬರೋಕೆ ಎರಡು ಮೂರು ನಿಮಿಷ, ಅಷ್ಟರಲ್ಲಿ ಮೀಟಿಂಗ್ ಕಾಲ್ ಕಟ್. ಹಾಗಾದ್ರೆ ಯುಪಿಎಸ್ ಮೋಡಿಗೇ ಹಾಕಿಡೋಣ ಅಂತೀರಾ, ಅಲ್ಲೇ ಇರೋದು ಎರಡನೇ ಸೂಕ್ಷ್ಮ. ಆ ಮೋಡಲ್ಲಿ ಇನ್ವರ್ಟರ್ ಹೆಚ್ಚುಕಮ್ಮಿ 180ರಿಂದ 260 ವೋಲ್ಟ್ ಒಳಗಿದ್ರೆ ಮಾತ್ರ ಕರೆಂಟ್ ಇದೆ ಅಂತ ಒಪ್ಪತ್ತೆ. ನಮ್ಮ ಹಳ್ಳಿಗಳಲ್ಲಿ ಬೇಸಿಗೆಯಲ್ಲಿ ಎಲ್ರೂ ತೋಟಕ್ಕೆ ನೀರು ಬಿಡೋ ಹೊತ್ತಿಗೆ ವೋಲ್ಟೇಜ್ 150, 160ಕ್ಕೆ ಇಳಿಯತ್ತೆ, ಆಗ ಬಲ್ಬ್ ಮಂದವಾಗಿ ಉರೀತಾ ಇದ್ರೂ ಇನ್ವರ್ಟರ್ ಮಾತ್ರ ಕರೆಂಟ್ ಇಲ್ಲ ಅಂತ ತಿಳ್ಕೊಂಡು ಬ್ಯಾಟರಿ ಖಾಲಿ ಮಾಡ್ತಾ ಹೋಗತ್ತೆ, ನಿಜವಾಗಿ ಕರೆಂಟ್ ಹೋಗೋ ಹೊತ್ತಿಗೆ ಬ್ಯಾಟರೀಲಿ ಏನೂ ಉಳಿದಿರಲ್ಲ. ನಾರ್ಮಲ್ ಮೋಡಲ್ಲಿ 100ರಿಂದ 290ರ ತನಕ ಒಪ್ಕೊಳ್ಳತ್ತೆ, ಬ್ಯಾಟರಿ ಉಳಿಯತ್ತೆ.

ಇದಕ್ಕೆ ನನ್ನ ಸಲಹೆ ಇಷ್ಟೇ, ವೋಲ್ಟೇಜ್ ಕಮ್ಮಿ ಇರೋ ಊರಲ್ಲಿ ಇನ್ವರ್ಟರನ್ನ ನಾರ್ಮಲ್ ಮೋಡಲ್ಲೇ ಬಿಡಿ, ರೂಟರ್ ಮತ್ತೆ ಒಎನ್‌ಟಿ ಮುಂದೆ ಒಂದು ಸಣ್ಣ ಮಿನಿ ಯುಪಿಎಸ್ (ರೂಟರ್‌ಗೆ ಅಂತಾನೇ ಮಾಡಿದ ಬ್ಯಾಟರಿ ಡಬ್ಬಿ) ಹಾಕಿ. ಬದಲಾಗೋ ಗ್ಯಾಪನ್ನ ಮಿನಿ ಯುಪಿಎಸ್ ತುಂಬತ್ತೆ, ಉದ್ದ ಹೊತ್ತಿಗೆ ಇನ್ವರ್ಟರ್ ಇರತ್ತೆ. ಇನ್ನೊಂದು ಲಾಭ, ಫ್ಯಾನು ಟಿವಿ ಎಲ್ಲಾ ಸೇರಿ ಇನ್ವರ್ಟರ್ ಖಾಲಿ ಮಾಡಿದ್ಮೇಲೂ ನೆಟ್ ಎರಡು ಗಂಟೆ ಜೀವ ಹಿಡ್ಕೊಂಡಿರತ್ತೆ.

ಕಂಪ್ಯೂಟರ್ ಯುಪಿಎಸ್ ಯಾಕೆ ಬೇಡ

ಅಂಗಡಿಗೆ ಹೋಗಿ ರೂಟರ್‌ಗೆ ಬ್ಯಾಕಪ್ ಬೇಕು ಅಂದ್ರೆ 600 ವಿಎ ಕಂಪ್ಯೂಟರ್ ಯುಪಿಎಸ್ ತೆಗೆದು ಕೊಡ್ತಾರೆ. ಅದರೊಳಗೆ ಇರೋದು 12 ವೋಲ್ಟ್ 7 ಎಎಚ್ ಬ್ಯಾಟರಿ, ಎರಡನ್ನೂ ಗುಣಿಸಿದ್ರೆ 84 ವ್ಯಾಟ್-ಅವರ್, ಅಂದ್ರೆ 84 ವ್ಯಾಟಿನ ಸಾಮಾನನ್ನ ಒಂದು ಗಂಟೆ ಓಡಿಸೋವಷ್ಟು. 14 ವ್ಯಾಟಿಗೆ ಭಾಗಿಸಿದ್ರೆ ಆರು ಗಂಟೆ ಬರಬೇಕು ಅನ್ಸತ್ತೆ, ಬರಲ್ಲ, ಅದರ ಅರ್ಧಾನೂ ಸಿಗೋದು ಕಷ್ಟ. ಯಾಕಂದ್ರೆ ಅದು ಬ್ಯಾಟರಿಯ 12 ವೋಲ್ಟ್ ಡಿಸಿನ 230 ವೋಲ್ಟ್ ಎಸಿ ಮಾಡತ್ತೆ, ಅದನ್ನ ನಿಮ್ಮ ಅಡಾಪ್ಟರ್ ಮತ್ತೆ 12 ವೋಲ್ಟ್ ಡಿಸಿ ಮಾಡತ್ತೆ, ಎರಡೂ ಕಡೆ ಸೋರಿಕೆ, ಅದರ ಜೊತೆ ಯುಪಿಎಸ್ ತನ್ನ ಹೊಟ್ಟೆಗೇ ಹತ್ತಾರು ವ್ಯಾಟ್ ತಿನ್ನತ್ತೆ. ಕಂಪ್ಯೂಟರನ್ನ ಹತ್ತು-ಹದಿನೈದು ನಿಮಿಷ ಹಿಡಿದು ಫೈಲ್ ಸೇವ್ ಮಾಡಿ ಆಫ್ ಮಾಡೋಕೆ ಮಾಡಿದ ಸಾಮಾನು ಅದು, ಆ ಕೆಲಸಕ್ಕೆ ಚೆನ್ನಾಗಿದೆ. ಅದಕ್ಕೆ ಹೊರಗಿಂದ ದೊಡ್ಡ ಬ್ಯಾಟರಿ ಜೋಡಿಸ್ತೀನಿ ಅನ್ನೋರು ಇದಾರೆ, ದಯವಿಟ್ಟು ಬೇಡ, ಗಂಟೆಗಟ್ಟಲೆ ಓಡೋಕೆ ಬೇಕಾದ ಕೂಲಿಂಗ್ ಅದರಲ್ಲಿ ಇರಲ್ಲ, ಬಿಸಿ ಆಗಿ ಸುಡೋ ಸಾಧ್ಯತೆ ಇದೆ, ಒಳಗಿನ ಸಣ್ಣ ಚಾರ್ಜರ್‌ಗೆ ದೊಡ್ಡ ಬ್ಯಾಟರಿ ತುಂಬಿಸೋಕೆ ದಿನಗಟ್ಟಲೆ ಬೇಕು.

ರೂಟರ್, ಒಎನ್‌ಟಿ ಎಲ್ಲಾ ಒಳಗಿಂದ ಡಿಸಿ ಸಾಮಾನು. ಬ್ಯಾಟರೀನೂ ಡಿಸಿ. ಮಧ್ಯದಲ್ಲಿ ಎಸಿ ಮಾಡೋ ಅಗತ್ಯಾನೇ ಇಲ್ಲ. ಮೊಬೈಲ್ ಟವರ್, ಟೆಲಿಫೋನ್ ಎಕ್ಸ್‌ಚೇಂಜ್‌ಗಳಲ್ಲಿ ಇವತ್ತಿಗೂ 48 ವೋಲ್ಟ್ ಡಿಸಿನೇ ನಡೀತಿರೋದು ಇದೇ ಕಾರಣಕ್ಕೆ, ಬ್ಯಾಟರಿ ಯಾವಾಗ್ಲೂ ಲೈನ್ ಮೇಲೇ ತೇಲ್ತಾ ಇರತ್ತೆ, ಕರೆಂಟ್ ಹೋದ್ರೆ ಬದಲಾಯಿಸೋದು ಅನ್ನೋದೇ ಇಲ್ಲ.

ಮಿನಿ ಯುಪಿಎಸ್

ಎರಡು ಮೂರು ಗಂಟೆ ಸಾಕು ಅನ್ನೋರಿಗೆ ಇದೇ ಉತ್ತರ. ಅಂಗೈ ಅಗಲದ ಡಬ್ಬಿ, ಅಡಾಪ್ಟರ್ ವೈರನ್ನ ಇದಕ್ಕೆ ಹಾಕೋದು, ಇದರಿಂದ ರೂಟರ್‌ಗೆ. ಓಕ್ಟರ್, ರೆಸೊನೇಟ್ ಅಂತ ಕೆಲವು ಬ್ರ್ಯಾಂಡ್ ಇವೆ. ಕೊಳ್ಳೋವಾಗ ಎಂಎಎಚ್ ಲೆಕ್ಕ ನೋಡಿ ಮರುಳಾಗ್ಬೇಡಿ, ಅದು ಒಳಗಿನ 3.7 ವೋಲ್ಟ್ ಸೆಲ್ಲಿನ ಲೆಕ್ಕ. 8000 ಎಂಎಎಚ್ ಅಂತ ಇದ್ರೆ 8 ಗುಣಿಸು 3.7, ಅಂದ್ರೆ 29.6 ವ್ಯಾಟ್-ಅವರ್, 12 ವೋಲ್ಟಿಗೆ ಏರಿಸೋವಾಗ ಸ್ವಲ್ಪ ಹೋಗಿ ಕೈಗೆ ಸಿಗೋದು ಇಪ್ಪತ್ತೈದು ಚಿಲ್ಲರೆ. 10 ವ್ಯಾಟಿನ ಡಬ್ಬಿಗೆ ಎರಡೂವರೆ ಗಂಟೆ, ನಮ್ಮ 14 ವ್ಯಾಟಿಗೆ ಎರಡು ಗಂಟೆ ಒಳಗೆ. ಪ್ಯಾಕೆಟ್ ಮೇಲೆ ಆರು ಗಂಟೆ ಅಂತ ಬರೆದಿದ್ರೆ ಎಷ್ಟು ವ್ಯಾಟಿಗೆ ಅಂತ ಕೇಳಿ.

ನಿಮ್ಮ ಸಾಮಾನಿನ ವೋಲ್ಟೇಜ್ ನೋಡ್ದೆ ತರಬೇಡಿ, ಬಹುತೇಕ 12 ವೋಲ್ಟ್, ಆದ್ರೆ 9 ಮತ್ತೆ 5 ವೋಲ್ಟಿನ ರೂಟರ್‌ಗಳೂ ಇವೆ, 9ರದ್ದಕ್ಕೆ 12 ಕೊಟ್ರೆ ಸುಟ್ಟು ಹೋಗಬಹುದು. ಪಿನ್ನು ಹೊರಗಡೆ ನೋಡೋಕೆ ಒಂದೇ ಥರ 5.5 ಮಿಲಿಮೀಟರ್ ಇದ್ರೂ ಒಳಗಿನ ತೂತು 2.1 ಒಂದು, 2.5 ಒಂದು, ತಪ್ಪಿದ್ರೆ ಸಡಿಲ ಆಗಿ ಮುಟ್ಟಿದಾಗೆಲ್ಲ ಆಫ್ ಆಗತ್ತೆ. ಒಂದೇ ಮಿನಿ ಯುಪಿಎಸ್‌ನಿಂದ ವೈ ಕೇಬಲ್ (ಒಂದು ವೈರ್ ಎರಡಾಗಿ ಕವಲೊಡೆಯೋದು) ಹಾಕಿ ಎರಡು ಡಬ್ಬಿ ಓಡಿಸಬಹುದು, ಎರಡರದ್ದೂ ಸೇರಿ ಅದರ ಆಂಪ್ ದಾಟಬಾರದು ಅಷ್ಟೇ. ಏರ್‌ಫೈಬರ್ ಥರದ ವೈರ್‌ಲೆಸ್ ಕನೆಕ್ಷನ್ ಇದ್ರೆ ಮನೆ ಮೇಲಿನ ಡಬ್ಬಿಗೆ ಲ್ಯಾನ್ ವೈರಲ್ಲೇ ಕರೆಂಟ್ ಹೋಗತ್ತೆ, ಅದು 12 ವೋಲ್ಟ್ ಆಗಿರಲ್ಲ, 24 ಇರಬಹುದು 48ರ ಆಸುಪಾಸೂ ಇರಬಹುದು, ಆ ಕರೆಂಟನ್ನ ಲ್ಯಾನ್ ವೈರಿಗೆ ಸೇರಿಸೋ ಇಂಜೆಕ್ಟರ್ ಡಬ್ಬಿ ಮೇಲೆ ಬರೆದಿದ್ದು ಓದಿ ಅದಕ್ಕೇ ಆಗೋ ಪಿಒಇ (ಲ್ಯಾನ್ ವೈರಲ್ಲೇ ಕರೆಂಟ್ ಕೊಡೋ) ಯುಪಿಎಸ್ ತನ್ನಿ, ಇಲ್ಲಾ ಇನ್ವರ್ಟರ್ ಲೈನಿಗೇ ಹಾಕಿ ಬಿಡಿ.

ಹನ್ನೆರಡು ಗಂಟೆ ಬೇಕು ಅಂದ್ರೆ

ಮಲೆನಾಡಿಗೆ ನಿಜವಾಗಿ ಬೇಕಾಗಿರೋದು ಇದು. ಲೆಕ್ಕ ನೋಡಿ, 14 ವ್ಯಾಟ್ ಹನ್ನೆರಡು ಗಂಟೆಗೆ 168 ವ್ಯಾಟ್-ಅವರ್. ಕನ್ವರ್ಟರ್ ಸೋರಿಕೆ ಸೇರಿಸಿದ್ರೆ 195 ಇಟ್ಕೊಳ್ಳಿ. ಲೀಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಆದ್ರೆ ಅದರ 85 ಪರ್ಸೆಂಟ್ ಆರಾಮಾಗಿ ಬಳಸಬಹುದು, ಹಾಗಾಗಿ 12.8 ವೋಲ್ಟ್ 18 ಎಎಚ್ ಸಾಕು, 230 ವ್ಯಾಟ್-ಅವರ್ ಆಯ್ತು. ಲೆಡ್ ಆಸಿಡ್ ಎಸ್‌ಎಂಎಫ್ (ನೀರು ಹಾಕೋ ಕೆಲಸ ಇಲ್ಲದ, ಮುಚ್ಚಿದ ಬ್ಯಾಟರಿ) ಆದ್ರೆ ಅರ್ಧಕ್ಕಿಂತ ಕೆಳಗೆ ಪದೇ ಪದೇ ಇಳಿಸಿದ್ರೆ ಬೇಗ ಹಾಳಾಗತ್ತೆ, ಹಾಗಾಗಿ ಎರಡರಷ್ಟು, 12 ವೋಲ್ಟ್ 35 ಎಎಚ್ ಬೇಕು. ಮೇಲಿಂದ ಮೇಲೆ ಕರೆಂಟ್ ಹೋಗೋ ಊರಿಗೆ ಲೀಥಿಯಮ್ಮೇ ಸರಿ ಅಂತ ನಾನು ಖಡಾಖಂಡಿತ ಹೇಳ್ತೀನಿ, ಎರಡು ಸಾವಿರ ಸಲ ಖಾಲಿ ಮಾಡಿ ತುಂಬಿಸಿದ್ರೂ ತಡ್ಕೊಳ್ಳತ್ತೆ, ತೂಕ ಕಮ್ಮಿ, ಇನ್ನೊಂದು ದೊಡ್ಡ ಕಾರಣ ಮುಂದೆ ಹೇಳ್ತೀನಿ.

ಜೋಡಣೆ ಹೀಗೆ: ಗೋಡೆ ಸಾಕೆಟ್ಟಿಂದ ಬ್ಯಾಟರಿ ಚಾರ್ಜರ್, ಚಾರ್ಜರ್‌ನಿಂದ ಬ್ಯಾಟರಿ, ಬ್ಯಾಟರಿ ಪ್ಲಸ್ಸಿಂದ ಫ್ಯೂಸ್, ಅಲ್ಲಿಂದ ಬಕ್-ಬೂಸ್ಟ್ ಕನ್ವರ್ಟರ್, ಅದರ ಔಟ್‌ಪುಟ್ ರೂಟರ್ ಮತ್ತೆ ಒಎನ್‌ಟಿಗೆ. ಚಾರ್ಜರ್ ಮತ್ತೆ ಲೋಡ್ ಎರಡೂ ಬ್ಯಾಟರಿಗೇ ಯಾವಾಗ್ಲೂ ಸೇರಿರೋದ್ರಿಂದ ಕರೆಂಟ್ ಹೋದಾಗ ಒಂದು ಕ್ಷಣಾನೂ ಗ್ಯಾಪ್ ಇರಲ್ಲ.

ಬಕ್-ಬೂಸ್ಟ್ ಯಾಕೆ ಅಂದ್ರೆ 12 ವೋಲ್ಟ್ ಬ್ಯಾಟರಿ ಅನ್ನೋದು ಯಾವಾಗ್ಲೂ 12 ಇರಲ್ಲ, ಚಾರ್ಜ್ ಆಗೋವಾಗ 14.4 ದಾಟಬಹುದು, ಖಾಲಿ ಆಗೋವಾಗ 11ರ ಕೆಳಗೆ ಇಳಿಯತ್ತೆ. ಎಷ್ಟೋ ರೂಟರ್ ಇದನ್ನ ತಡ್ಕೊಳ್ಳತ್ತೆ, ಕೇಬಲ್ಲಿನವರು ಇಷ್ಟಪಡೋ ಮೈಕ್ರೋಟಿಕ್ ಹೆಕ್ಸ್ ರೂಟರಿನ ಹಳೇ ಮಾಡೆಲ್ (RB750Gr3) ಅಂತೂ 8ರಿಂದ 30 ವೋಲ್ಟ್ ತನಕ ತಗೊಳ್ಳತ್ತೆ, ಆದ್ರೆ ನಿಮ್ಮ ಒಎನ್‌ಟಿ ಮೇಲೆ 12 ಅಂತ ಮಾತ್ರ ಬರೆದಿದ್ರೆ ಅದಕ್ಕೆ 12 ಕೊಡೋದೇ ಕ್ಷೇಮ, ಆ ಡಬ್ಬಿ ಕಂಪನಿಯವರದ್ದು ಬೇರೆ. ಇನ್‌ಪುಟ್ ಏನೇ ಇರ್ಲಿ ಔಟ್‌ಪುಟ್ ನೆಟ್ಟಗೆ 12 ಕೊಡೋ ಕನ್ವರ್ಟರ್ ತಗೊಳ್ಳಿ, ಹಾಕೋಕೆ ಮುಂಚೆ ಮಲ್ಟಿಮೀಟರಲ್ಲಿ ವೋಲ್ಟೇಜ್ ಮತ್ತೆ ಪ್ಲಸ್-ಮೈನಸ್ ಎರಡೂ ನೋಡಿ, ನಡುವಿನ ಪಿನ್ ಪ್ಲಸ್ ಇರ್ಬೇಕಾ ಮೈನಸ್ ಇರ್ಬೇಕಾ ಅಂತ ರೂಟರ್ ಅಡೀಲಿ ಚಿತ್ರಾನೇ ಇರತ್ತೆ.

ಚಾರ್ಜರ್ ವಿಷಯದಲ್ಲಿ ಉಳಿತಾಯ ಮಾಡಬೇಡಿ. ಕ್ಯಾಮೆರಾಗೆ ಹಾಕೋ 12 ವೋಲ್ಟ್ ಎಸ್‌ಎಂಪಿಎಸ್ (ಪವರ್ ಸಪ್ಲೈ ಡಬ್ಬಿ) ತಂದು ತಿರುಪು ತಿರುಗಿಸಿ ವೋಲ್ಟೇಜ್ ಏರಿಸಿ ಬ್ಯಾಟರಿಗೆ ಕೊಡೋರನ್ನ ನೋಡಿದೀನಿ, ಪೂರ್ತಿ ಖಾಲಿ ಆದ ಬ್ಯಾಟರಿ ಸಿಕ್ಕಾಪಟ್ಟೆ ಆಂಪ್ ಎಳೆದು ಆ ಎಸ್‌ಎಂಪಿಎಸ್ ಪದೇ ಪದೇ ಆಫ್ ಆಗಿ ಆನ್ ಆಗೋಕೆ ಶುರು ಮಾಡತ್ತೆ, ಚಾರ್ಜೂ ಆಗಲ್ಲ ಲೋಡೂ ನಡೆಯಲ್ಲ. ಲೀಥಿಯಮ್ಮಿಗೆ 14.6 ವೋಲ್ಟಿನದ್ದು, ಎಸ್‌ಎಂಎಫ್‌ಗೆ ತುಂಬಿದ್ಮೇಲೆ 13.5ರಿಂದ 13.8ರಲ್ಲಿ ಫ್ಲೋಟ್ ಆಗಿ ನಿಲ್ಲೋದು, ಹೀಗೆ ಆ ಬ್ಯಾಟರಿಗೇ ಅಂತ ಮಾಡಿದ ಚಾರ್ಜರ್ ತನ್ನಿ. ಲೋಡಿಗೆ ಒಂದೂಕಾಲು ಆಂಪ್ ಹೋಗ್ತಾನೇ ಇರತ್ತೆ ಅನ್ನೋದು ನೆನಪಿಟ್ಕೊಂಡು ಅದರ ಮೇಲೆ ಬ್ಯಾಟರಿ ತುಂಬೋಕೆ ಮಿಕ್ಕೋ ಥರ ಐದು ಆಂಪಿನದ್ದು ತಗೊಂಡ್ರೆ ನೆಮ್ಮದಿ. ಲೀಥಿಯಂ ಪ್ಯಾಕಲ್ಲಿ ಬಿಎಂಎಸ್ ಅನ್ನೋ ಬ್ಯಾಟರಿ ಕಾಯೋ ಬೋರ್ಡ್ ಇರೋದ್ರಿಂದ ತೀರಾ ಖಾಲಿ ಆದಾಗ ತಾನೇ ಕಟ್ ಮಾಡತ್ತೆ, ಲೆಡ್ ಆಸಿಡ್ಡಿಗೆ ಆ ಬುದ್ಧಿ ಇಲ್ಲ, ಅದಕ್ಕೆ 11 ವೋಲ್ಟಿಗೆ ಕಟ್ ಮಾಡೋ ಸಣ್ಣ ಮಾಡ್ಯೂಲ್ ಬೇರೆ ಹಾಕ್ಬೇಕು.

ಫ್ಯೂಸ್ ಬಗ್ಗೆ ಬೇರೆಯಾಗೇ ಹೇಳ್ತೀನಿ ಯಾಕಂದ್ರೆ ಜನ ಬಿಡೋದು ಇದನ್ನೇ. 12 ವೋಲ್ಟ್ ಮುಟ್ಟಿದ್ರೆ ಶಾಕ್ ಹೊಡೆಯಲ್ಲ ಅಂತ ಸಸಾರ ಮಾಡ್ತಾರೆ, ಆದ್ರೆ ಸಣ್ಣ ವೈರ್ ಶಾರ್ಟ್ ಆದ್ರೆ ಬ್ಯಾಟರಿ ನೂರಾರು ಆಂಪ್ ಕೊಡಬಲ್ಲದು, ವೈರ್ ಕೆಂಪಗೆ ಕಾದು ಬೆಂಕಿ ಹತ್ತತ್ತೆ, ನಮ್ಮ ಮನೆಗಳಲ್ಲಿ ಮರದ ತೊಲೆ, ಮರದ ಅಟ್ಟ. ಕಾರಿಗೆ ಹಾಕೋ ಬ್ಲೇಡ್ ಫ್ಯೂಸ್ ಹೋಲ್ಡರ್ ಆಟೋ ಇಲೆಕ್ಟ್ರಿಕಲ್ ಅಂಗಡೀಲಿ ಸಿಗತ್ತೆ, ಐದು ಆಂಪ್ ಫ್ಯೂಸ್ ಹಾಕಿ ಬ್ಯಾಟರಿ ಪ್ಲಸ್ಸಿನ ಪಕ್ಕದಲ್ಲೇ ಇಡಿ. ವೈರು 1 ಚದರ ಮಿಲಿಮೀಟರ್ ಸಾಕು, ಬ್ಯಾಟರಿ ರೂಟರ್ ಹತ್ರಾನೇ ಇರ್ಲಿ, ಕಡಿಮೆ ವೋಲ್ಟೇಜನ್ನ ಹತ್ತಿಪ್ಪತ್ತು ಮೀಟರ್ ಎಳೆದ್ರೆ ದಾರೀಲೇ ಒಂದು ವೋಲ್ಟ್ ಕಳ್ಕೊಳ್ತೀರಿ.

ಇಡೋ ಜಾಗ ಗಾಳಿ ಆಡೋ ಹಾಗಿರ್ಲಿ. ಲೆಡ್ ಆಸಿಡ್ ಬ್ಯಾಟರಿ 25 ಡಿಗ್ರಿ ಮೇಲೆ ಪ್ರತಿ ಹತ್ತು ಡಿಗ್ರಿಗೆ ಆಯಸ್ಸು ಅರ್ಧ ಆಗ್ತಾ ಹೋಗತ್ತೆ, ಹೆಂಚಿನ ಕೆಳಗೆ ಅಟ್ಟದ ಮೇಲೆ ಇಡಬೇಡಿ. ನೀರು ಹಾಕೋ ಟ್ಯೂಬುಲರ್ ಆದ್ರೆ ಚಾರ್ಜ್ ಆಗೋವಾಗ ಹೈಡ್ರೋಜನ್ ಬಿಡತ್ತೆ, ಮುಚ್ಚಿದ ಕಪಾಟು ಬೇಡವೇ ಬೇಡ. ಮಳೆಗಾಲದ ಥಂಡಿಗೆ ಟರ್ಮಿನಲ್ ಹಸಿರು ಕಟ್ಟತ್ತೆ, ಬಿಗಿ ಮಾಡಿ ಮೇಲೆ ವ್ಯಾಸಲೀನ್ ಸವರಿ. ಬೆಚ್ಚಗಿರತ್ತೆ ಅಂತ ಇರುವೆ, ಹಲ್ಲಿ ಎಲ್ಲಾ ಅಡಾಪ್ಟರ್ ಒಳಗೇ ಸಂಸಾರ ಹೂಡತ್ತೆ, ತೂತುಗಳಿಗೆ ಸೊಳ್ಳೆ ಬಲೆ ಅಂಟಿಸಿದ ಪ್ಲಾಸ್ಟಿಕ್ ಡಬ್ಬಿ ಚೆನ್ನಾಗಿ ಕೆಲಸ ಮಾಡತ್ತೆ.

ಸಿಡಿಲಿಗೆ ಇದರಿಂದ ಆಗೋ ಉಪಕಾರ

ಏಪ್ರಿಲ್-ಮೇ ತಿಂಗಳ ಗುಡುಗು ಮಳೆಗೆ ನಮ್ಮ ಕಡೆ ಸುಟ್ಟು ಹೋಗೋ ರೂಟರ್‌ಗಳಿಗೆ ಲೆಕ್ಕ ಇಲ್ಲ. ಮೋಡ ಕಟ್ಟಿದ ತಕ್ಷಣ ಪ್ಲಗ್ ಕಿತ್ತಿಡೋದು ಎಲ್ಲಾ ಮನೆಯ ಅಭ್ಯಾಸ, ಅದು ಒಳ್ಳೇ ಅಭ್ಯಾಸಾನೇ, ಆದ್ರೆ ಪ್ಲಗ್ ಕಿತ್ರೆ ನೆಟ್ ಹೋಗತ್ತೆ. ಡಿಸಿ ಬ್ಯಾಟರಿ ಇದ್ರೆ ಚಾರ್ಜರ್ ಪ್ಲಗ್ ಕಿತ್ತಿಟ್ಟು ಕರೆಂಟ್ ಲೈನಿಗೂ ರೂಟರ್‌ಗೂ ಸಂಬಂಧಾನೇ ಇಲ್ದಂಗೆ ಮಾಡಿ ನೆಟ್ ಮಾತ್ರ ಓಡಿಸ್ತಾ ಇರಬಹುದು. ಬ್ಯಾಟರಿ ಹಾಕೋಕೆ ಇದೊಂದೇ ಕಾರಣ ಸಾಕು ಅಂತ ನನಗನ್ಸತ್ತೆ.

ಫೈಬರ್ ಗಾಜಾದ್ರೂ ಕಂಬದಿಂದ ಮನೆಗೆ ಬರೋ ಡ್ರಾಪ್ ಕೇಬಲ್ಲಲ್ಲಿ ಎಳೆದು ಕಟ್ಟೋಕೆ ಅಂತ ಒಂದು ಸ್ಟೀಲ್ ತಂತಿ ಇರತ್ತೆ, ಅದು ಸಿಡಿಲನ್ನ ಒಳಗೆ ಕರ್ಕೊಂಡು ಬರಬಹುದು. ಆ ತಂತಿಯನ್ನ ಗೋಡೆ ಹೊರಗೇ ಕೊಂಡಿಗೆ ಕಟ್ಟಿ ಕತ್ತರಿಸಿಬಿಡಿ ಅಂತ ಹಾಕೋಕೆ ಬಂದವರಿಗೆ ಹೇಳಿ, ಒಳಗಿನ ಬಲದ ಕಡ್ಡಿ ಸ್ಟೀಲಿನ ಬದಲು ಎಫ್‌ಆರ್‌ಪಿ (ಕರೆಂಟ್ ಹರಿಯದ ಫೈಬರ್ ಪ್ಲಾಸ್ಟಿಕ್) ಇರೋ ಕೇಬಲ್ ಸಿಕ್ಕಿದ್ರೆ ಇನ್ನೂ ಒಳ್ಳೇದು. ಕೊಟ್ಟಿಗೆಗೋ ತೋಟದ ಮನೆಗೋ ಲ್ಯಾನ್ ವೈರ್ ಎಳೆದಿದ್ರೆ ಅದು ತಾಮ್ರ, ಗುಡುಗು ಬಂದಾಗ ಅದನ್ನೂ ಕೀಳಬೇಕು, ಆಗಲ್ಲ ಅಂದ್ರೆ ಅಲ್ಲಿಗೂ ಫೈಬರೇ ಎಳೆಸಿ. ಕರೆಂಟ್ ವಾಪಸ್ ಬಂದ ಕೂಡ್ಲೆ ಪ್ಲಗ್ ಹಾಕೋಕೆ ಹೋಗಬೇಡಿ, ಗಾಳಿಗೆ ನ್ಯೂಟ್ರಲ್ ತುಂಡಾಗಿದ್ರೆ ಮನೆಗೆ 230ರ ಬದಲು 400 ವೋಲ್ಟ್ ಹತ್ತಿರ ಬರಬಹುದು, ಒಂದು ಬಲ್ಬ್ ಹಾಕಿ ನೋಡಿ, ಸ್ವಲ್ಪ ಹೊತ್ತು ಸರಿಯಾಗಿ ಉರಿದ್ರೆ ಆಮೇಲೆ ಚಾರ್ಜರ್.

ಎರಡು ಮೂರು ದಿನ ಕರೆಂಟೇ ಬರ್ದಿದ್ರೆ

ಇಲ್ಲಿ ಬ್ಯಾಟರಿ ಎಷ್ಟು ದೊಡ್ಡದು ಅನ್ನೋದಕ್ಕಿಂತ ಎಷ್ಟು ಬೇಗ ತುಂಬತ್ತೆ ಅನ್ನೋದು ಮುಖ್ಯ, ಲೀಥಿಯಂ ತಗೊಳ್ಳಿ ಅಂತ ಮೇಲೆ ಹೇಳಿದ್ದಕ್ಕೆ ದೊಡ್ಡ ಕಾರಣ ಇದೇ. ಪಕ್ಕದ ಮನೆಯವರು ಅಡಿಕೆ ಸುಲಿಯೋಕೋ ನೀರೆತ್ತೋಕೋ ಜನರೇಟರ್ ಹಾಕಿದ್ರು ಅಂದ್ರೆ 18 ಎಎಚ್ ಲೀಥಿಯಂ ಬ್ಯಾಟರಿನ ಹತ್ತು ಆಂಪ್ ಚಾರ್ಜರಲ್ಲಿ ಎರಡು ಗಂಟೆ ಚಿಲ್ಲರೆಗೆ ತುಂಬಿಸ್ಕೊಂಡು ಬರಬಹುದು, ಕೈಯಲ್ಲಿ ಹಿಡ್ಕೊಂಡು ಹೋಗೋವಷ್ಟೇ ತೂಕ. ಬ್ಯಾಟರಿ ಎಷ್ಟು ಆಂಪ್ ತಗೊಳ್ಳತ್ತೆ ಅಂತ ಅದರ ಮೇಲೇ ಇರತ್ತೆ, ಅದನ್ನ ಮೀರಬೇಡಿ. ಲೆಡ್ ಆಸಿಡ್ ಅಷ್ಟು ಬೇಗ ತಗೊಳ್ಳಲ್ಲ, ಎಂಟು-ಹತ್ತು ಗಂಟೆ ಬೇಕು, ಅಷ್ಟು ಹೊತ್ತು ಯಾರ ಜನರೇಟರೂ ಓಡಲ್ಲ. ಜೀಪು ಕಾರಿಂದ ತುಂಬಿಸೋರು ನೇರ ವೈರ್ ಕೊಡಬೇಡಿ, ಮಧ್ಯದಲ್ಲಿ ಡಿಸಿ-ಡಿಸಿ ಚಾರ್ಜರ್ ಇರಲಿ.

ಸೋಲಾರ್ ಬೇಸಿಗೆಗೆ ಚೆನ್ನ, ಜುಲೈ ತಿಂಗಳ ಆಗುಂಬೆ ಕಡೆ ಮೋಡದಲ್ಲಿ ಪ್ಯಾನೆಲ್ ನಂಬ್ಕೊಂಡು ಕೂತ್ರೆ ಕಷ್ಟ, ಹಾಕಿದ್ರೂ ಲೆಕ್ಕಕ್ಕಿಂತ ನಾಲ್ಕೈದು ಪಟ್ಟು ದೊಡ್ಡದು ಹಾಕ್ಬೇಕಾಗತ್ತೆ. ಹಳ್ಳದ ನೀರಿಗೆ ಸಣ್ಣ ಟರ್ಬೈನ್ ಇಟ್ಕೊಂಡಿರೋ ಮನೆಗಳು ಘಟ್ಟದಲ್ಲಿ ಅಲ್ಲಲ್ಲಿ ಇವೆ, ಊರೆಲ್ಲಾ ಕತ್ತಲಾಗಿರೋ ಮಳೆಗಾಲದಲ್ಲೇ ಅವರ ಹತ್ರ ಕರೆಂಟ್ ಜಾಸ್ತಿ, ಅಲ್ಲಿ ಲೋಡ್ ಏರಿಳಿದಂತೆ ವೋಲ್ಟೇಜೂ ಏರಿಳಿಯೋದ್ರಿಂದ ರೂಟರನ್ನ ನೇರ ಹಾಕದೆ ಬ್ಯಾಟರಿ ಮೂಲಕಾನೇ ಓಡಿಸಿ. ಉಳಿದವರು ರಾತ್ರಿ ಎಲ್ರೂ ಮಲಗಿದ್ಮೇಲೆ ಒಎನ್‌ಟಿ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಆಫ್ ಮಾಡಿ, ಅದರಲ್ಲೇ ವೈಫೈ ಇದ್ರೆ ಹನ್ನೆರಡು ಗಂಟೆಯ ಬ್ಯಾಟರಿ ಇಪ್ಪತ್ತರ ತನಕ ಬರತ್ತೆ.

ಸೊಸೈಟಿ, ಕ್ಲಿನಿಕ್, ಕೇಬಲ್ಲಿನವರು

ಸಹಕಾರಿ ಸೊಸೈಟಿ, ಹಾಲಿನ ಡೈರಿ, ಕ್ಲಿನಿಕ್‌ಗಳಲ್ಲಿ ಕಂಪ್ಯೂಟರೂ ನಡೀಬೇಕು, ಅಲ್ಲಿ ಇನ್ವರ್ಟರ್ ಅಥವಾ ದೊಡ್ಡ ಯುಪಿಎಸ್ ಇರ್ಲೇಬೇಕು, ಆದ್ರೂ ನೆಟ್‌ವರ್ಕ್ ಡಬ್ಬಿಗಳಿಗೆ ಮೇಲೆ ಹೇಳಿದ ಡಿಸಿ ಬ್ಯಾಟರಿ ಬೇರೇನೇ ಇಡಿ, ಯಾರೋ ಪ್ರಿಂಟರ್ ಹಾಕಿ ಯುಪಿಎಸ್ ಟ್ರಿಪ್ ಮಾಡಿದ್ರೆ ನೆಟ್ ಜೊತೆಗೆ ಹೋಗಬಾರದು. ಲೇಸರ್ ಪ್ರಿಂಟರ್ ಬಿಸಿ ಆಗೋವಾಗ ತುಂಬ ಎಳೆಯತ್ತೆ, ಅದಕ್ಕೆ ಯುಪಿಎಸ್ ಸಾಕೆಟ್ ಕೊಡಲೇಬೇಡಿ. ಸರ್ವರ್ ಇದ್ರೆ ಯುಪಿಎಸ್‌ನ ಯುಎಸ್‌ಬಿ ವೈರ್ ಅದಕ್ಕೆ ಹಾಕಿ ನೆಟ್‌ವರ್ಕ್ ಯುಪಿಎಸ್ ಟೂಲ್ಸ್ ಅನ್ನೋ ಫ್ರೀ ಸಾಫ್ಟ್‌ವೇರ್ ಹಾಕ್ಕೊಳ್ಳಿ, ಬ್ಯಾಟರಿ ಮುಗಿಯೋಕೆ ಮುಂಚೆ ತಾನೇ ಸರಿಯಾಗಿ ಶಟ್‌ಡೌನ್ ಮಾಡತ್ತೆ.

ಕೇಬಲ್ಲಿನವರ ಸಣ್ಣ ಒಎಲ್‌ಟಿ ಸಾಮಾನ್ಯವಾಗಿ ಮೂವತ್ತರಿಂದ ಅರವತ್ತು ವ್ಯಾಟ್ ಆಸುಪಾಸು, ಅದರ ಜೊತೆ ರೂಟರ್, ಸ್ವಿಚ್ ಸೇರಿ ನೂರು ವ್ಯಾಟ್ ಅಂದ್ಕೊಂಡ್ರೂ ಒಂದು 150 ಎಎಚ್ ಟ್ಯೂಬುಲರ್ ಬ್ಯಾಟರಿಯ ಅರ್ಧದಲ್ಲಿ ಎಂಟು ಗಂಟೆ ಹತ್ತಿರ ಬರತ್ತೆ, ಎರಡು ಹಾಕಿದ್ರೆ ರಾತ್ರಿಯಿಡೀ. ಒಎಲ್‌ಟಿ ಹಿಂದುಗಡೆ 48 ವೋಲ್ಟ್ ಡಿಸಿ ಇನ್‌ಪುಟ್ ಇದ್ಯಾ ನೋಡಿ, ಇದ್ರೆ ಇನ್ವರ್ಟರ್ ಬಿಟ್ಟು ನಾಲ್ಕು ಬ್ಯಾಟರಿ ಸೀರಿಸಲ್ಲಿ ಹಾಕಿ ನೇರ ಅದಕ್ಕೇ ಕೊಡಬಹುದು, ಟೆಲಿಕಾಂನಲ್ಲಿ ಪ್ಲಸ್ಸನ್ನ ಅರ್ತ್ ಮಾಡೋ ಪದ್ಧತಿ ಇರೋದ್ರಿಂದ ಈ ಕೆಲಸ ಮಾತ್ರ ಗೊತ್ತಿರೋರ ಕೈಲಿ ಮಾಡಿಸಿ.

ಎಲ್ಲಾ ಆದ್ಮೇಲೆ ಕರೆಂಟ್ ಇರೋವಾಗ್ಲೇ ಪರೀಕ್ಷೆ ಮಾಡಿ. ಚಾರ್ಜರ್ ಸಾಕೆಟ್ ಆಫ್ ಮಾಡಿ ಒಂದು ವಿಡಿಯೋ ಕಾಲ್ ಮಾಡ್ತಾ ಕೂತ್ಕೊಳ್ಳಿ, ತುಂಡಾಗ್ಬಾರ್ದು. ತಿಂಗಳಿಗೊಂದ್ಸಲ ಒಂದರ್ಧ ಗಂಟೆ, ಮೇ ತಿಂಗಳಲ್ಲಿ ಮಳೆಗೆ ಮುಂಚೆ ಒಂದ್ಸಲ ಪೂರ್ತಿ ಮುಗಿಯೋ ತನಕ ಓಡಿಸಿ ಎಷ್ಟು ಗಂಟೆ ಬಂತು ಅಂತ ಡಬ್ಬಿ ಮೇಲೇ ತಾರೀಕಿನ ಜೊತೆ ಬರೆದಿಡಿ. ಲೆಡ್ ಆಸಿಡ್ಡಾದ್ರೆ ಪೂರ್ತಿ ಅಂದ್ರೆ ಆ 11 ವೋಲ್ಟಿನ ಕಟ್ ತನಕ ಮಾತ್ರ. ಹೋದ ವರ್ಷ ಹನ್ನೆರಡು ಬಂದಿದ್ದು ಈ ವರ್ಷ ಏಳಕ್ಕೆ ಇಳಿದಿದ್ರೆ ಬ್ಯಾಟರಿ ಬದಲಾಯಿಸೋ ಹೊತ್ತಾಯ್ತು, ಎಸ್‌ಎಂಎಫ್ ಆದ್ರೆ ಎರಡರಿಂದ ನಾಲ್ಕು ವರ್ಷಕ್ಕೆ ಇದು ಬಂದೇ ಬರತ್ತೆ. ಹಳೇದನ್ನ ಗುಜರಿಗೆ ಹಾಕಬೇಡಿ, ತೋಟದ ಮೂಲೇಲೂ ಎಸೆಯಬೇಡಿ, ಸೀಸ ಮಣ್ಣಿಗೆ ಇಳಿದು ಬಾವಿ ನೀರಿಗೆ ಸೇರತ್ತೆ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ವಾಪಸ್ ತಗೊಳ್ಳೋ ವ್ಯವಸ್ಥೆ ಮಾಡೋ ಜವಾಬ್ದಾರಿ ಬ್ಯಾಟರಿ ತಯಾರಿಸೋ ಕಂಪನಿಗಳದ್ದು, ಲೆಡ್ ಆಸಿಡ್ ಆದ್ರೆ ಹೊಸದು ತರೋ ಅಂಗಡೀಲೇ ಹಳೇದನ್ನ ಕೊಟ್ರೆ ಬಿಲ್ಲಲ್ಲಿ ಅಷ್ಟು ದುಡ್ಡೂ ಕಳೀತಾರೆ.